ಸಕ್ಕರೆಯ ಅಂಕಿ, ತೊಡೆಯ ಕಸುವು: ಇಳಿವಯಸ್ಸಿನಲ್ಲಿ ಮಧುಮೇಹದ ಮುನ್ಸೂಚನೆ ಮತ್ತು ಆಹಾರ

ಇಳಿವಯಸ್ಸಿನವರ ಆಹಾರ ಮತ್ತು ಮಧುಮೇಹದ ಬಗ್ಗೆ ಸಾರ್ವಜನಿಕರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಬೇಗ ದಾಟಿಹೋದ ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.

ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರ ರಕ್ತದಲ್ಲಿ ಸಕ್ಕರೆ ಮಿತಿಗಿಂತ ತುಸು ಮೇಲಿದೆ ಎಂದು ಗೊತ್ತಾದ ದಿನವೇ ಮನೆಯವರು ಅವರ ತಟ್ಟೆಗೆ ಬಡಿಸುವುದನ್ನು ಕಡಿಮೆ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಮೊದಲು ಸಿಹಿ ನಿಲ್ಲುತ್ತದೆ, ಆಮೇಲೆ ಹಣ್ಣು, ಆಮೇಲೆ ರಾತ್ರಿಯ ಊಟ ಅರ್ಧವಾಗುತ್ತದೆ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಅಂಕಿ ಇಳಿದಿರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಅದೇ ಮೂರು ತಿಂಗಳಲ್ಲಿ ಆ ಹಿರಿಯರು ಕುರ್ಚಿಯಿಂದ ಏಳುವಾಗ ಕೈ ಊರತೊಡಗಿದ್ದಾರೆ ಎಂಬುದನ್ನು ಯಾರೂ ಬರೆದಿಟ್ಟುಕೊಂಡಿರುವುದಿಲ್ಲ. ನಾನು ಈ ಹೊತ್ತು ಹೇಳಬೇಕೆಂದಿರುವುದು ಇದನ್ನೇ. ಮುದಿ ದೇಹದಲ್ಲಿ ಸಕ್ಕರೆಯ ಲೆಕ್ಕವೂ ಸ್ನಾಯುವಿನ ಲೆಕ್ಕವೂ ಒಂದೇ ಪುಸ್ತಕದಲ್ಲಿವೆ. ಒಂದರ ಪುಟವನ್ನಷ್ಟೇ ನೋಡಿ ಆಹಾರವನ್ನು ನಿರ್ಧರಿಸಿದರೆ ಇನ್ನೊಂದರಲ್ಲಿ ನಷ್ಟ ಬೆಳೆಯುತ್ತಾ ಹೋಗುತ್ತದೆ.

ಇದು ಏಕೆ ಹೀಗೆ ಎಂಬುದನ್ನು ಮೊದಲು ನೋಡೋಣ. ಉಂಡದ್ದು ಜೀರ್ಣವಾಗಿ ರಕ್ತಕ್ಕೆ ಬಂದ ಗ್ಲೂಕೋಸ್ ಎಲ್ಲಾದರೂ ಸೇರಲೇಬೇಕು. ಅದನ್ನು ತುಂಬಿಸಿಡುವ ದೊಡ್ಡ ಕಣಜಗಳು ಎರಡು: ಯಕೃತ್ತು ಒಂದು, ಮೈಯ ಸ್ನಾಯುಗಳು ಇನ್ನೊಂದು. ಇನ್ಸುಲಿನ್ನನ್ನು ರಕ್ತನಾಳಕ್ಕೆ ಸತತವಾಗಿ ಹರಿಸಿ ಅಳೆಯುವ ಕ್ಲ್ಯಾಂಪ್ ಪ್ರಯೋಗಗಳಲ್ಲಿ ಗ್ಲೂಕೋಸಿನ ಸುಮಾರು 80 ಪ್ರತಿಶತ ಸ್ನಾಯುವಿಗೇ ಸೇರುವುದು ಕಂಡುಬಂದಿದೆ. ಸಹಜವಾದ ಊಟದ ನಂತರ ಈ ಪಾಲು ಅಷ್ಟು ಇರುವುದಿಲ್ಲವಾದರೂ ಸ್ನಾಯುವಿನ ಮಹತ್ವವೇನೂ ಕುಗ್ಗುವುದಿಲ್ಲ. ವಯಸ್ಸಾದಂತೆ ಈ ಕಣಜ ಚಿಕ್ಕದಾಗುತ್ತದೆ, ಅದರ ಎಳೆಗಳ ನಡುವೆ ಕೊಬ್ಬು ಸೇರಿಕೊಳ್ಳುತ್ತದೆ, ಇನ್ಸುಲಿನ್ ತಟ್ಟಿದರೂ ಬಾಗಿಲು ತಡವಾಗಿ ತೆರೆಯುತ್ತದೆ. ಜೊತೆಗೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಸುವ ಜೀವಕೋಶಗಳ ಚುರುಕೂ ಕುಂದುತ್ತದೆ. ಆದ್ದರಿಂದಲೇ ಹಿರಿಯರಲ್ಲಿ ಬರಿಹೊಟ್ಟೆಯ ಸಕ್ಕರೆ ಸರಿಯಾಗಿದ್ದು, ಊಟವಾದ ಎರಡು ಗಂಟೆಯ ಅಂಕಿ ಮಾತ್ರ ಏರಿರುವುದು ಸಾಮಾನ್ಯ. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಕುಂದುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನೋಡಲು ಮೈಕೈ ತುಂಬಿಕೊಂಡಿರುವ ಹಿರಿಯರು ಗಟ್ಟಿಯಾಗಿದ್ದಾರೆಂದು ನಾವು ಮೋಸಹೋಗುವುದು ಇದರಿಂದಲೇ.

ಈಗ ಮುನ್ಸೂಚನೆಯ ವಿಷಯ. ಮಧುಮೇಹ ಬರುವ ಮೊದಲೇ ಅದರ ಸಾಧ್ಯತೆಯನ್ನು ಅಳೆಯಲು ಹಲವು ಅಂಕಪಟ್ಟಿಗಳಿವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫಿನ್ಲೆಂಡಿನಲ್ಲಿ ಯಾನಾ ಲಿಂಡ್‌ಸ್ಟ್ರೋಮ್ ಮತ್ತು ಯಾಕ್ಕೊ ಟುವೊಮಿಲೆಹ್ಟೊ ರೂಪಿಸಿ 2003ರಲ್ಲಿ ಪ್ರಕಟಿಸಿದ ಫಿಂಡ್‌ರಿಸ್ಕ್. ರಕ್ತ ತೆಗೆಯುವ ಅಗತ್ಯವಿಲ್ಲದೆ, ಎಂಟು ಪ್ರಶ್ನೆಗಳಿಗೆ ಉತ್ತರಿಸಿದರೆ ಮುಂದಿನ ಹತ್ತು ವರ್ಷಗಳಲ್ಲಿ ಮಧುಮೇಹ ಬರುವ ಸಾಧ್ಯತೆಯನ್ನು ಅದು ಅಂದಾಜು ಮಾಡುತ್ತದೆ. ವಯಸ್ಸು, ಎತ್ತರಕ್ಕೆ ತಕ್ಕ ತೂಕ, ಸೊಂಟದ ಸುತ್ತಳತೆ, ದಿನದ ನಡಿಗೆ-ಚಟುವಟಿಕೆ, ತರಕಾರಿ ಹಣ್ಣುಗಳ ಸೇವನೆ, ರಕ್ತದೊತ್ತಡದ ಮಾತ್ರೆ, ಹಿಂದೆಂದಾದರೂ ಸಕ್ಕರೆ ಏರಿತ್ತೇ ಎಂಬುದು, ಕುಟುಂಬದಲ್ಲಿ ಮಧುಮೇಹ, ಇವಿಷ್ಟೇ ಅದರ ಪ್ರಶ್ನೆಗಳು. ಗರಿಷ್ಠ 26 ಅಂಕ. 7ಕ್ಕಿಂತ ಕಡಿಮೆ ಬಂದರೆ ನೂರರಲ್ಲಿ ಒಬ್ಬರಿಗೆ, 12ರಿಂದ 14 ಬಂದರೆ ಆರರಲ್ಲಿ ಒಬ್ಬರಿಗೆ, 15ರಿಂದ 20 ಬಂದರೆ ಮೂವರಲ್ಲಿ ಒಬ್ಬರಿಗೆ, 20 ದಾಟಿದರೆ ಇಬ್ಬರಲ್ಲಿ ಒಬ್ಬರಿಗೆ ಮಧುಮೇಹ ಬರಬಹುದು ಎಂದು ಅದರ ಅರ್ಥ. ಖರ್ಚಿಲ್ಲದ, ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದಾದ ಸಾಧನ ಇದು. ನಡುವಯಸ್ಸಿನವರಿಗೆ ನಾನು ಇದನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ.

ಹಿರಿಯರ ವಿಷಯದಲ್ಲಿ ಮಾತ್ರ ಇದನ್ನು ಎಚ್ಚರದಿಂದ ಓದಬೇಕು. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಎಪ್ಪತ್ತೆರಡು ವರ್ಷದ ಮಹಿಳೆ. ಎತ್ತರ 155 ಸೆಂಟಿಮೀಟರ್, ತೂಕ 65 ಕಿಲೋ, ಸೊಂಟದ ಸುತ್ತಳತೆ 86 ಸೆಂಟಿಮೀಟರ್. ತಾಯಿಗೆ ಮಧುಮೇಹವಿತ್ತು. ಇವರು ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಾರೆ, ತರಕಾರಿಯನ್ನು ದಿನವೂ ತಿನ್ನುತ್ತಾರೆ, ನಡಿಗೆ ಕಡಿಮೆ. ವಯಸ್ಸಿಗೆ 4, ತೂಕಕ್ಕೆ 1, ಸೊಂಟಕ್ಕೆ 3, ಚಟುವಟಿಕೆ ಇಲ್ಲದ್ದಕ್ಕೆ 2, ಮಾತ್ರೆಗೆ 2, ತಾಯಿಯ ಕಾಯಿಲೆಗೆ 5, ಒಟ್ಟು 17. ಅಂದರೆ ಮೂವರಲ್ಲಿ ಒಬ್ಬರಿಗೆ ಬರುವ ಗುಂಪು. ಗಾಬರಿಯಾಗಿ ಅವರು ಊಟ ಕಡಿಮೆ ಮಾಡುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ತೂಕ 58 ಕಿಲೋಗೆ ಬರುತ್ತದೆ, ಸೊಂಟ 79ಕ್ಕೆ ಇಳಿಯುತ್ತದೆ. ನಡಿಗೆ ಹೆಚ್ಚಿಲ್ಲ, ಬೇರೇನೂ ಬದಲಾಗಿಲ್ಲ. ತೂಕದ 1 ಮತ್ತು ಸೊಂಟದ 3 ಅಂಕ ಹೋಗಿ ಈಗ 13. ಆರರಲ್ಲಿ ಒಬ್ಬರ ಗುಂಪು. ಕಾಗದದ ಮೇಲೆ ಅಪಾಯ ಅರ್ಧಕ್ಕೆ ಇಳಿದಿದೆ. ಆದರೆ ವ್ಯಾಯಾಮವಿಲ್ಲದೆ ಬರಿಯ ಆಹಾರ ಕಡಿತದಿಂದ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವಿರುತ್ತದೆ, ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದು. ಮೆಟ್ಟಿಲು ಹತ್ತಲು ಬೇಕಾದ ತೊಡೆಯ ಕಸುವು ಆ ಏಳು ಕಿಲೋ ಜೊತೆಗೆ ಹೋಗಿದೆಯೇ ಎಂದು ಕೇಳುವ ಪ್ರಶ್ನೆ ಆ ಎಂಟರಲ್ಲಿ ಇಲ್ಲ. ಅದು ಅಂಕಪಟ್ಟಿಯ ತಪ್ಪಲ್ಲ. ಅದನ್ನು ರೂಪಿಸಿದ್ದು ಮಧುಮೇಹವನ್ನು ಹುಡುಕಲು, ಮುಪ್ಪನ್ನು ಅಳೆಯಲು ಅಲ್ಲ.

ಇನ್ನೊಂದು ತೊಡಕೂ ಇದೆ. ಅರವತ್ತನಾಲ್ಕು ದಾಟಿದವರೆಲ್ಲರಿಗೂ ವಯಸ್ಸಿನ ನಾಲ್ಕು ಅಂಕ ತಾನಾಗಿ ಬಂದುಬಿಡುತ್ತದೆ, ರಕ್ತದೊತ್ತಡದ ಮಾತ್ರೆಯೂ ಬಹುಮಂದಿಗೆ ಇರುತ್ತದೆ. ಎಲ್ಲರೂ ಎತ್ತರದ ಪೀಠದ ಮೇಲೆ ನಿಂತಾಗ ಯಾರು ಎತ್ತರ, ಯಾರು ಕುಳ್ಳು ಎಂದು ಬೇರ್ಪಡಿಸುವುದು ಕಷ್ಟ. ಸೊಂಟದ ಸುತ್ತಳತೆಯ ಮಿತಿಗಳೂ ಎಲ್ಲ ಜನಾಂಗಗಳಿಗೆ ಒಂದೇ ಅಲ್ಲ. ಯೂರೋಪಿನ ಗಂಡಸರಿಗೆ 94 ಸೆಂಟಿಮೀಟರ್ ಎಚ್ಚರಿಕೆಯ ಗೆರೆಯಾದರೆ ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ ಅದು 90.

ರಕ್ತಪರೀಕ್ಷೆಯ ಅಂಕಿಗಳೂ ಇಳಿವಯಸ್ಸಿನಲ್ಲಿ ಬೇರೆಯೇ ಮಾತು ಹೇಳುತ್ತವೆ. ಮೂರು ತಿಂಗಳ ಸರಾಸರಿ ಎಂದು ನಾವು ಕರೆಯುವ ಎಚ್‌ಬಿಎ1ಸಿ 5.7ರಿಂದ 6.4 ಪ್ರತಿಶತದ ನಡುವೆ ಇದ್ದರೆ, ಅಥವಾ ಬರಿಹೊಟ್ಟೆಯ ಗ್ಲೂಕೋಸ್ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಇದ್ದರೆ, ಅಮೆರಿಕದ ಮಧುಮೇಹ ಸಂಘದ ಮಾನದಂಡದಂತೆ ಅದು ಮಧುಮೇಹಪೂರ್ವ ಸ್ಥಿತಿ. ಈ ಹೆಸರು ಕೇಳಿದವರಿಗೆ ಮಧುಮೇಹ ಬಾಗಿಲಲ್ಲೇ ನಿಂತಿದೆ ಎನ್ನಿಸುತ್ತದೆ. ನಡುವಯಸ್ಸಿನವರಲ್ಲಿ ಆ ಭಯಕ್ಕೆ ಅರ್ಥವಿದೆ. ಹಿರಿಯರಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಎಆರ್‌ಐಸಿ ಎಂಬ ದೀರ್ಘಕಾಲದ ಅಧ್ಯಯನದ ತಂಡ 2021ರಲ್ಲಿ ವರದಿ ಮಾಡಿತು. ಸರಾಸರಿ 75 ದಾಟಿದ ವಯಸ್ಸಿನ 3,412 ಜನರ ಆ ಗುಂಪಿನಲ್ಲಿ, ಎಚ್‌ಬಿಎ1ಸಿ ಪ್ರಕಾರ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದವರ ಪೈಕಿ ಮುಂದಿನ ಐದಾರು ವರ್ಷಗಳಲ್ಲಿ ಮಧುಮೇಹಕ್ಕೆ ತಿರುಗಿದವರು ನೂರಕ್ಕೆ 9. ಸಹಜ ಮಟ್ಟಕ್ಕೆ ಮರಳಿದವರು 13. ಬೇರೆ ಬೇರೆ ಕಾರಣಗಳಿಂದ ತೀರಿಕೊಂಡವರು 19. ಬರಿಹೊಟ್ಟೆಯ ಗ್ಲೂಕೋಸಿನಿಂದ ಗುರುತಿಸಿದವರಲ್ಲಂತೂ ನೂರಕ್ಕೆ 44 ಮಂದಿ ಸಹಜ ಮಟ್ಟಕ್ಕೆ ಬಂದಿದ್ದರು, ಮಧುಮೇಹಕ್ಕೆ ತಿರುಗಿದವರು 8 ಮಾತ್ರ.

ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಧುಮೇಹ ಬರುವವರಿಗಿಂತ, ಮಧುಮೇಹ ಬಾರದೆಯೇ ತೀರಿಕೊಳ್ಳುವವರು ಎರಡು ಪಟ್ಟು ಹೆಚ್ಚು. ಸಂಖ್ಯಾಶಾಸ್ತ್ರಜ್ಞರು ಇದನ್ನು ಪೈಪೋಟಿಯ ಅಪಾಯ ಎನ್ನುತ್ತಾರೆ: ಒಂದು ಘಟನೆ ನಡೆಯುವ ಮೊದಲೇ ಇನ್ನೊಂದು ಬಂದು ಅದರ ದಾರಿಯನ್ನೇ ಮುಚ್ಚಿಬಿಡುತ್ತದೆ. ಹತ್ತು ವರ್ಷದ ಅಪಾಯವನ್ನು ಲೆಕ್ಕ ಹಾಕುವ ಸೂತ್ರ ಇದನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ, ಎಂಬತ್ತರ ವ್ಯಕ್ತಿಗೆ ಅದು ಮಧುಮೇಹದ ಅಪಾಯವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಆ ಹೆಚ್ಚಿನ ಅಂಕಿಗೆ ಹೆದರಿ ಅವರು ಊಟ ಬಿಟ್ಟರೆ, ಬಾರದೇ ಹೋಗಬಹುದಾಗಿದ್ದ ಕಾಯಿಲೆಗಾಗಿ ಇರುವ ಶಕ್ತಿಯನ್ನು ಕಳೆದುಕೊಂಡಂತೆ. ಹಾಗೆಂದು ಹಿರಿಯರಲ್ಲಿ ಮಧುಮೇಹವನ್ನು ಹುಡುಕುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಅದು ಸದ್ದಿಲ್ಲದೆ ಬರುತ್ತದೆ. ವಯಸ್ಸಾದಂತೆ ಮೂತ್ರಪಿಂಡವು ಸಕ್ಕರೆಯನ್ನು ಹೊರಬಿಡಲು ಆರಂಭಿಸುವ ಮಟ್ಟವೇ ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಪದೇ ಪದೇ ಮೂತ್ರ ಬರುವ ಲಕ್ಷಣ ತಡವಾಗಿ ಕಾಣುತ್ತದೆ. ಬಾಯಾರಿಕೆಯ ಅರಿವೂ ಮಂದವಾಗಿರುವುದರಿಂದ ನೀರಡಿಕೆಯ ಲಕ್ಷಣವನ್ನು ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಸುಸ್ತು, ಗಾಯ ಮಾಯದಿರುವುದು, ಬಯಸದೆ ತೂಕ ಇಳಿಯುವುದು, ಇವನ್ನೆಲ್ಲ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅಪಾಯಕರ. ಬಯಸದೆ ತೂಕ ಇಳಿಯುತ್ತಿರುವಾಗಲೇ ಹೊಸದಾಗಿ ಸಕ್ಕರೆ ಏರಿದರೆ ವೈದ್ಯರು ಮೇದೋಜೀರಕ ಗ್ರಂಥಿಯನ್ನೂ ಪರೀಕ್ಷಿಸಬೇಕಾಗಬಹುದು. ಎಚ್‌ಬಿಎ1ಸಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ರಕ್ತಹೀನತೆ, ಮೂತ್ರಪಿಂಡದ ಕಾಯಿಲೆ, ಇತ್ತೀಚೆಗೆ ರಕ್ತ ಪಡೆದಿರುವುದು, ಇವೆಲ್ಲ ಕೆಂಪು ರಕ್ತಕಣಗಳ ಆಯುಸ್ಸಿನ ಲೆಕ್ಕವನ್ನು ಕೆಡಿಸಿ ಆ ಅಂಕಿಯನ್ನು ಮೇಲಕ್ಕೋ ಕೆಳಕ್ಕೋ ಎಳೆಯುತ್ತವೆ.

ಹಾಗಾದರೆ ಸಕ್ಕರೆಯ ಜೊತೆಗೆ ಅಳೆಯಬೇಕಾದದ್ದು ಯಾವುದು? ವೈದ್ಯರು ಫ್ರೇಲ್ಟಿ ಎಂದು ಕರೆಯುವ ಸ್ಥಿತಿಯನ್ನು ನಾನು ಜರಾದೌರ್ಬಲ್ಯ ಎನ್ನುತ್ತೇನೆ. ಇದು ಬರಿಯ ಮುಪ್ಪಲ್ಲ, ಒಂದು ನಿರ್ದಿಷ್ಟ ಕಾಯಿಲೆಯೂ ಅಲ್ಲ. ಸಣ್ಣ ಜ್ವರ, ಒಂದು ಬೀಳು, ನಾಲ್ಕು ದಿನದ ಹಾಸಿಗೆವಾಸ, ಇಂಥ ಪೆಟ್ಟುಗಳನ್ನು ತಡೆದುಕೊಂಡು ಮೊದಲಿನಂತಾಗಲು ದೇಹದಲ್ಲಿ ಕೂಡಿಟ್ಟ ಬಲವಿಲ್ಲದಿರುವುದು. ಲಿಂಡಾ ಫ್ರೀಡ್ ಮತ್ತು ಸಂಗಡಿಗರು 65 ದಾಟಿದ 5,317 ಜನರನ್ನು ಪರಿಶೀಲಿಸಿ 2001ರಲ್ಲಿ ಇದಕ್ಕೆ ಐದು ಗುರುತುಗಳನ್ನು ಕೊಟ್ಟರು: ಬಯಸದೆ ವರ್ಷದಲ್ಲಿ ನಾಲ್ಕೂವರೆ ಕಿಲೋದಷ್ಟು ಅಥವಾ ತೂಕದ 5 ಪ್ರತಿಶತ ಇಳಿಯುವುದು, ಸದಾ ಬಳಲಿಕೆ, ಕೈ ಹಿಡಿತದ ಬಲ ಕುಗ್ಗುವುದು, ನಡಿಗೆ ನಿಧಾನವಾಗುವುದು, ಚಟುವಟಿಕೆ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಇದ್ದರೆ ಜರಾದೌರ್ಬಲ್ಯ. ಒಂದೆರಡು ಇದ್ದರೆ ಅದರ ಹೊಸ್ತಿಲು. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಆರ್ನಾಲ್ಡ್ ಮಿಟ್ನಿಟ್‌ಸ್ಕಿ ಬೇರೊಂದು ದಾರಿ ಹಿಡಿದರು. ದೇಹದಲ್ಲಿ ಕೂಡುತ್ತಾ ಬಂದ ಕೊರತೆಗಳನ್ನೆಲ್ಲ ಎಣಿಸಿ, ಪರಿಶೀಲಿಸಿದ ಒಟ್ಟು ಅಂಶಗಳಲ್ಲಿ ಅವು ಎಷ್ಟು ಭಾಗ ಎಂದು ನೋಡುವುದು ಅವರ ಕ್ರಮ. ಮನೆಯಲ್ಲಿ ಇಷ್ಟೆಲ್ಲ ಬೇಡ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಐದು ಸಲ ಪೂರ್ತಿ ಎದ್ದು ಕೂರಲು ಎಷ್ಟು ಸೆಕೆಂಡು ಬೇಕು ಎಂದು ನೋಡಿ. ಯೂರೋಪಿನ ತಜ್ಞರ ಗುಂಪು 15 ಸೆಕೆಂಡಿಗಿಂತ ಹೆಚ್ಚಾದರೆ ಎಚ್ಚರಿಸುತ್ತದೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಆ ಗೆರೆಯನ್ನು 12 ಸೆಕೆಂಡಿಗೇ ಎಳೆದಿದೆ. ನಾಲ್ಕು ಮೀಟರ್ ದೂರವನ್ನು ಎಂದಿನ ವೇಗದಲ್ಲಿ ನಡೆಯಲು ಐದು ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಅದೂ ಒಂದು ಸೂಚನೆ. ಈ ಅಂಕಿಗಳನ್ನು ಸಕ್ಕರೆಯ ಅಂಕಿಯ ಪಕ್ಕದಲ್ಲೇ, ಅದೇ ಹಾಳೆಯಲ್ಲಿ ಬರೆದಿಡಬೇಕು ಎಂಬುದು ನನ್ನ ಆಗ್ರಹ.

ಜರಾದೌರ್ಬಲ್ಯ ಎಂದಾಕ್ಷಣ ಒಣಗಿದ ಕೃಶ ದೇಹವೇ ಕಣ್ಣಮುಂದೆ ಬರುತ್ತದೆ. ಅದು ಒಂದು ಬಗೆ ಮಾತ್ರ. ಹೊಟ್ಟೆಯ ಸುತ್ತ ಕೊಬ್ಬು ತುಂಬಿ, ಒಳಗೆ ಸ್ನಾಯು ಸೊರಗಿದ ಇನ್ನೊಂದು ಬಗೆಯಿದೆ. ಮೊದಲನೆಯವರಲ್ಲಿ ತೂಕ ಇಳಿದಂತೆ ಸಕ್ಕರೆಯೂ ಇಳಿಯುತ್ತಾ ಬಂದು, ಹಳೆಯ ಪ್ರಮಾಣದ ಮಾತ್ರೆಗಳೇ ಈಗ ಹೆಚ್ಚಾಗಿ ಸಕ್ಕರೆ ಕುಸಿಯುವ ಅಪಾಯವಿರುತ್ತದೆ. ಎರಡನೆಯವರಲ್ಲಿ ಸಕ್ಕರೆ ಏರುತ್ತಾ ಹೋಗುತ್ತದೆ. ಇಬ್ಬರಿಗೂ ಒಂದೇ ಆಹಾರದ ಚೀಟಿ ಬರೆದುಕೊಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಎರಡನೆಯ ಬಗೆಯವರಿಗೆ ತೂಕ ಇಳಿಸುವುದರಿಂದ ನಿಜವಾಗಿಯೂ ಲಾಭವಿದೆ. 2002ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮದಲ್ಲಿ 3,234 ಜನರಿದ್ದರು. ತೂಕದಲ್ಲಿ 7 ಪ್ರತಿಶತ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ ಅಲ್ಲಿನ ಗುರಿ. ಸುಮಾರು ಮೂರು ವರ್ಷಗಳಲ್ಲಿ ಮಧುಮೇಹ ಬರುವುದು 58 ಪ್ರತಿಶತ ಕಡಿಮೆಯಾಯಿತು. ಅರವತ್ತು ದಾಟಿದವರಲ್ಲಿ ಈ ಇಳಿಕೆ 71 ಪ್ರತಿಶತ. ಅದೇ ಕಾರ್ಯಕ್ರಮದ ಇನ್ನೊಂದು ಗುಂಪಿಗೆ ಕೊಟ್ಟ, ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಇದೇ ವಯೋಮಾನದವರಲ್ಲಿ ಎಲ್ಲರಿಗಿಂತ ಕಡಿಮೆ ಫಲ ಕೊಟ್ಟಿತು. ಅಂದರೆ ವಯಸ್ಸಾದ ದೇಹ ಆಹಾರ ಮತ್ತು ನಡಿಗೆಗೆ ಸ್ಪಂದಿಸುವುದಿಲ್ಲ ಎಂಬ ನಂಬಿಕೆ ಸುಳ್ಳು. ಆದರೆ ಅವರು ನಡೆಯಲು ಶಕ್ತರಾಗಿದ್ದವರು, ಮತ್ತು ಅವರು ಊಟ ಕಡಿಮೆ ಮಾಡಿದ್ದಲ್ಲದೆ ಮೈಯನ್ನೂ ದಂಡಿಸಿದರು ಎಂಬುದನ್ನು ಮರೆಯಬಾರದು. 2011ರಲ್ಲಿ ಡೆನ್ನಿಸ್ ವಿಯಾರೆಯಾಲ್ ಮತ್ತು ಸಂಗಡಿಗರು ಪ್ರಕಟಿಸಿದ, 65 ದಾಟಿದ 107 ಸ್ಥೂಲಕಾಯರ ಪ್ರಯೋಗ ಈ ಭೇದವನ್ನು ಸ್ಪಷ್ಟಗೊಳಿಸಿತು. ಒಂದು ವರ್ಷ ಬರಿಯ ಆಹಾರ ಕಡಿತ ಮಾಡಿದವರಲ್ಲಿ ಕೊಬ್ಬಲ್ಲದ ದೇಹಾಂಶ 5 ಪ್ರತಿಶತ ಕಳೆದುಹೋಯಿತು. ಆಹಾರದ ಜೊತೆ ವ್ಯಾಯಾಮವೂ ಇದ್ದವರಲ್ಲಿ 3 ಪ್ರತಿಶತ. ದೈಹಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ ಎರಡೂ ಮಾಡಿದವರೇ ಮುಂದಿದ್ದರು. ಹೀಗಾಗಿ ಹೊಟ್ಟೆಯ ಕೊಬ್ಬು ಹೆಚ್ಚಿರುವ ಹಿರಿಯರಿಗೆ ನಾನು ಹೇಳುವುದು, ತೂಕವನ್ನು ನಿಧಾನವಾಗಿ, ತೊಡೆಗೆ ಕೆಲಸ ಕೊಡುತ್ತಾ, ಪ್ರೋಟೀನ್ ಕಡಿಮೆ ಮಾಡದೆ ಇಳಿಸಿ. ಕೃಶರಾಗಿರುವವರಿಗೆ ತೂಕ ಇಳಿಸುವ ಮಾತನ್ನೇ ಆಡಬಾರದು.

ಪ್ರೋಟೀನಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಿರಿಯರ ತಟ್ಟೆಯಲ್ಲಿ ಅತಿ ಹೆಚ್ಚು ಕೊರತೆ ಕಾಣುವುದು ಇಲ್ಲಿಯೇ. ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಸಾಕು ಎಂಬುದು ಹಳೆಯ ಸಾಮಾನ್ಯ ಶಿಫಾರಸು. ಆದರೆ ಪ್ರೋಟೀನ್ ಉಂಡಾಗ ಯುವಕರ ಸ್ನಾಯು ಎಚ್ಚೆತ್ತು ತನ್ನನ್ನು ಕಟ್ಟಿಕೊಳ್ಳುವಷ್ಟು ಸುಲಭವಾಗಿ ಮುದಿ ಸ್ನಾಯು ಎಚ್ಚರಗೊಳ್ಳುವುದಿಲ್ಲ. ಅದಕ್ಕೆ ಒಂದೇ ಸಲಕ್ಕೆ ಹೆಚ್ಚಿನ ಪ್ರಮಾಣ ಬೇಕು. ಯುವಕರಿಗೆ ಒಂದು ಊಟದಲ್ಲಿ ತೂಕದ ಕಿಲೋಗೆ ಸುಮಾರು 0.24 ಗ್ರಾಂ ಪ್ರೋಟೀನ್ ಸಾಕಾದರೆ ಹಿರಿಯರಿಗೆ ಸುಮಾರು 0.4 ಗ್ರಾಂ ಬೇಕಾಯಿತು ಎಂದು 2015ರ ಒಂದು ವಿಶ್ಲೇಷಣೆ ತೋರಿಸಿತು. ಇದಕ್ಕೂ ಮುಂಚೆಯೇ, 2013 ಮತ್ತು 2014ರಲ್ಲಿ, ಎರಡು ತಜ್ಞರ ಗುಂಪುಗಳು ಆರೋಗ್ಯವಂತ ಹಿರಿಯರಿಗೆ ದಿನಕ್ಕೆ ಕಿಲೋಗೆ 1.0ರಿಂದ 1.2 ಗ್ರಾಂ, ಕಾಯಿಲೆಯಿಂದ ಬಳಲುವವರಿಗೆ 1.2ರಿಂದ 1.5 ಗ್ರಾಂ ಬೇಕೆಂದು ಹೇಳಿದ್ದವು. ನಮ್ಮ ಉದಾಹರಣೆಯ ಮಹಿಳೆ ಈಗ 58 ಕಿಲೋ. ಅವರಿಗೆ ದಿನಕ್ಕೆ 58ರಿಂದ 70 ಗ್ರಾಂ ಪ್ರೋಟೀನ್ ಬೇಕು. ಒಂದು ಊಟಕ್ಕೆ 23 ಗ್ರಾಂ. ಮೂರು ಹೊತ್ತಿಗೆ ಸಮನಾಗಿ ಹಂಚಿದರೆ 69 ಗ್ರಾಂ ಆಗಿ ಲೆಕ್ಕ ಕೂಡುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ, 30 ಗ್ರಾಂ ಒಣ ಬೇಳೆಯಲ್ಲಿ ಸುಮಾರು 7 ಗ್ರಾಂ, ಬೇಯಿಸಿದ 100 ಗ್ರಾಂ ಮೀನು ಅಥವಾ ಕೋಳಿಮಾಂಸದಲ್ಲಿ 20 ಗ್ರಾಂಗೂ ಮೇಲೆ. ಈ ಲೆಕ್ಕ ಹಿಡಿದು ಕುಳಿತರೆ ಗೊತ್ತಾಗುವುದೇನೆಂದರೆ, ಬಹುಪಾಲು ಹಿರಿಯರ ಬೆಳಗಿನ ಉಪಾಹಾರದಲ್ಲಿ ಪಿಷ್ಟವೇ ತುಂಬಿದ್ದು ಪ್ರೋಟೀನ್ ಐದಾರು ಗ್ರಾಂ ದಾಟುವುದಿಲ್ಲ, ರಾತ್ರಿ ‘ಹಗುರ’ ಎಂದು ಉಣ್ಣುವುದರಲ್ಲಿ ಅದೂ ಇರುವುದಿಲ್ಲ. ಮಾಂಸಾಹಾರಿಗಳಲ್ಲದವರು ಬೇಳೆಕಾಳು, ಹಾಲು, ಮೊಸರು, ಸೋಯಾ, ಕಡಲೆಕಾಯಿಯಂಥವನ್ನು ಒಂದೇ ಊಟದಲ್ಲಿ ಎರಡು ಮೂರು ಬಗೆಯಾಗಿ ಸೇರಿಸಿದರೆ ಆ 23 ಗ್ರಾಂ ತಲುಪಬಹುದು. ಇದು ಸುಲಭವೆಂದು ನಾನು ಹೇಳಲಾರೆ. ಹಸಿವು ಕಡಿಮೆಯಿರುವವರಿಗೆ ಕಷ್ಟವೇ. ಅದಕ್ಕಾಗಿಯೇ ಬೆಳಗಿನ ಉಪಾಹಾರದಿಂದ ಆರಂಭಿಸಿ ಎನ್ನುತ್ತೇನೆ. ಅದೊಂದನ್ನು ಬದಲಿಸಿದರೆ ಸಕ್ಕರೆಯೂ ನಿಧಾನವಾಗಿ ಏರುತ್ತದೆ, ಸ್ನಾಯುವಿಗೂ ದಿನದ ಮೊದಲ ಕೂಳು ಸಿಗುತ್ತದೆ.

ಪಿಷ್ಟದ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಹೇಳುವುದಿಲ್ಲ: ಪಾನೀಯಗಳ ಸಕ್ಕರೆ ಮೊದಲು ಹೋಗಲಿ, ಧಾನ್ಯ ಇಡಿಯಾಗಿರಲಿ. ಹೆಚ್ಚು ಗಮನಕ್ಕೆ ಬಾರದ ಒಂದು ಅಂಶವಿದೆ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಇದನ್ನು ಕೇಳಿದ ಹಿರಿಯರು ಒಂದು ದೊಡ್ಡ ಬಟ್ಟಲು ಹಸಿ ತರಕಾರಿಯಿಂದ ಊಟ ಆರಂಭಿಸುತ್ತಾರೆ. ಅಷ್ಟರಲ್ಲೇ ಹೊಟ್ಟೆ ತುಂಬಿ, ಬೇಳೆಯೂ ಮೊಟ್ಟೆಯೂ ತಟ್ಟೆಯಲ್ಲೇ ಉಳಿಯುತ್ತವೆ. ನಾರು ಒಳ್ಳೆಯದೇ, ಆದರೆ ಕಸುವು ಕುಂದಿದವರಲ್ಲಿ ನಾನು ಕ್ರಮವನ್ನು ತಿರುಗಿಸುತ್ತೇನೆ: ಮೊದಲು ಪ್ರೋಟೀನ್, ಜೊತೆಗೆ ಬೇಯಿಸಿ ಮೆತ್ತಗಾದ ತರಕಾರಿ, ಆಮೇಲೆ ಉಳಿದದ್ದು. ತೀರಾ ಕಡಿಮೆ ಉಣ್ಣುವವರಿಗೆ ಒಂದು ಚಮಚ ಎಣ್ಣೆಯೋ ಒಂದು ಹಿಡಿ ಬೀಜಗಳೋ ಗಾತ್ರ ಹೆಚ್ಚಿಸದೆ ಶಕ್ತಿ ಕೊಡುತ್ತವೆ, ಸಕ್ಕರೆಯನ್ನೂ ಅಷ್ಟಾಗಿ ಏರಿಸುವುದಿಲ್ಲ. ಇದಕ್ಕಿಂತ ಮುಂಚೆ ಬಾಯಿಯನ್ನು ನೋಡಬೇಕು. ಸಡಿಲವಾದ ಹಲ್ಲು, ಕೂಡದ ಹಲ್ಲುಸೆಟ್ಟು, ನುಂಗಲು ತೊಡಕು ಇದ್ದವರು ಅಗಿಯಬೇಕಾದ ಕಾಳು, ಮಾಂಸ, ಹಣ್ಣುಗಳನ್ನು ಬಿಟ್ಟು ಮೆತ್ತಗಿನ ಪಿಷ್ಟಕ್ಕೇ ಶರಣಾಗುತ್ತಾರೆ. ಒಬ್ಬರೇ ಕುಳಿತು ಉಣ್ಣುವವರೂ ಹಾಗೆಯೇ; ಒಬ್ಬರಿಗಾಗಿ ಅಡುಗೆ ಮಾಡುವ ಉತ್ಸಾಹ ಎಷ್ಟು ದಿನ ಉಳಿದೀತು?

ಮಾತ್ರೆ, ಪುಡಿಗಳಿಂದ ಈ ಕೆಲಸ ಆಗುವುದಿಲ್ಲವೇ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಮಧುಮೇಹಪೂರ್ವ ಸ್ಥಿತಿಯ 2,423 ಜನರಿಗೆ ದಿನಕ್ಕೆ 4,000 ಯೂನಿಟ್ ವಿಟಮಿನ್ ಡಿ ಅಥವಾ ಸತ್ವವಿಲ್ಲದ ಮಾತ್ರೆ ಕೊಟ್ಟು ನೋಡಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಧುಮೇಹ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಕೊರತೆ ಇದ್ದವರು ವಿಟಮಿನ್ ಡಿ ತೆಗೆದುಕೊಳ್ಳಲಿ, ಮಧುಮೇಹ ತಪ್ಪಿಸಿಕೊಳ್ಳಲೆಂದು ಅಲ್ಲ. ಪೌಷ್ಟಿಕ ಪಾನೀಯಗಳ ಬಗ್ಗೆ 1994ರಲ್ಲಿ ಮರಿಯಾ ಫಿಯಟರೋನ್ ತಂಡ ಪ್ರಕಟಿಸಿದ ಪ್ರಯೋಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ವೃದ್ಧಾಶ್ರಮವೊಂದರಲ್ಲಿದ್ದ, ಸರಾಸರಿ 87 ವರ್ಷದ, ಕಸುವು ಕುಂದಿದ ನೂರು ಜನ. ಹತ್ತು ವಾರ ಭಾರ ಎತ್ತುವ ವ್ಯಾಯಾಮ ಮಾಡಿದವರ ಸ್ನಾಯುಬಲ ದುಪ್ಪಟ್ಟಿಗೂ ಮಿಗಿಲಾಯಿತು, 113 ಪ್ರತಿಶತ ಹೆಚ್ಚಿತು. ನಡಿಗೆಯ ವೇಗವೂ ಏರಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರ ದೌರ್ಬಲ್ಯದಲ್ಲಿ ವ್ಯತ್ಯಾಸವಾಗಲಿಲ್ಲ. ಆಹಾರದ ಬಗ್ಗೆ ಮಾತಾಡಲು ಬಂದ ನಾನೇ ಇದನ್ನು ಹೇಳಬೇಕು: ಕೆಲಸವಿಲ್ಲದ ಸ್ನಾಯುವಿಗೆ ಎಷ್ಟು ಉಣಿಸಿದರೂ ಅದು ತೆಗೆದುಕೊಳ್ಳುವುದು ಕಡಿಮೆ. ಎಂಬತ್ತೇಳನೆಯ ವಯಸ್ಸಿನಲ್ಲೂ ಅದು ಕಲಿಯುತ್ತದೆ ಎಂಬುದು ಈ ಪ್ರಯೋಗದ ಇನ್ನೊಂದು ಮುಖ. ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. 2007ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರು ಹತ್ತು ದಿನ ಹಾಸಿಗೆಯಲ್ಲೇ ಇದ್ದುದರಿಂದ ಕಾಲುಗಳ ಸ್ನಾಯುಭಾಗದಲ್ಲಿ ಸುಮಾರು ಒಂದು ಕಿಲೋ ಕಳೆದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರಿಗೆ ಮೊದಲ ತಿಂಗಳು ಪಥ್ಯಕ್ಕಿಂತ ಪೋಷಣೆ ಮುಖ್ಯವಾಗುವುದು ಈ ಕಾರಣಕ್ಕೆ.

ಈಗಾಗಲೇ ಮಧುಮೇಹ ಇರುವ ಹಿರಿಯರಲ್ಲಿ ಇದೇ ವಿಚಾರ ಇನ್ನೂ ಸೂಕ್ಷ್ಮವಾಗುತ್ತದೆ. ಇನ್ಸುಲಿನ್ ಅಥವಾ, ಮೇದೋಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಸುರಿಸುವ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ಸಕ್ಕರೆ ಕುಸಿದು ಅವರು ನೆಲಕ್ಕೆ ಬೀಳಬಹುದು. ಆ ಒಂದು ಬೀಳುವಿಕೆ ತೊಡೆಮೂಳೆ ಮುರಿದು ಹಾಸಿಗೆ ಹಿಡಿಸಬಹುದು. ಮೆಟ್‌ಫಾರ್ಮಿನ್ ಕೆಲವರಲ್ಲಿ ಹಸಿವನ್ನು ಕುಗ್ಗಿಸುತ್ತದೆ, ದೀರ್ಘಕಾಲ ಸೇವಿಸಿದರೆ ವಿಟಮಿನ್ ಬಿ12 ಕೊರತೆಗೂ ದಾರಿ ಮಾಡುತ್ತದೆ. ಆದ್ದರಿಂದ ಆಹಾರ ಬದಲಿಸುವ ಮೊದಲು ಔಷಧಿಯ ಚೀಟಿಯನ್ನು ವೈದ್ಯರ ಮುಂದಿಡುವುದು ಕಡ್ಡಾಯ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: “ಇಷ್ಟು ಪ್ರೋಟೀನ್ ತಿಂದರೆ ಮೂತ್ರಪಿಂಡ ಕೆಡುವುದಿಲ್ಲವೇ?” ಆರೋಗ್ಯವಾಗಿರುವ ಮೂತ್ರಪಿಂಡಕ್ಕೆ ದಿನಕ್ಕೆ ಕಿಲೋಗೆ 1.2 ಗ್ರಾಂ ಹೊರೆಯಲ್ಲ. ಆದರೆ ಮೂತ್ರಪಿಂಡದ ಶೋಧನಾ ಪ್ರಮಾಣ, ಅಂದರೆ ವರದಿಯಲ್ಲಿ ಇಜಿಎಫ್‌ಆರ್ ಎಂದು ಬರುವ ಅಂಕಿ, 30ಕ್ಕಿಂತ ಕೆಳಗಿದ್ದು ಡಯಾಲಿಸಿಸ್ ಇಲ್ಲದವರಿಗೆ ಈ ಶಿಫಾರಸು ಅನ್ವಯಿಸುವುದಿಲ್ಲ. ಅವರು ಪ್ರೋಟೀನನ್ನು ಮಿತಿಯಲ್ಲಿಡಬೇಕಾಗುತ್ತದೆ. ಡಯಾಲಿಸಿಸ್ ಆರಂಭವಾದವರಿಗೆ ಮತ್ತೆ ಹೆಚ್ಚು ಬೇಕು. ಮಧುಮೇಹ ಅಥವಾ ರಕ್ತದೊತ್ತಡ ಇರುವ ಹಿರಿಯರು ಈ ಒಂದು ಅಂಕಿಯನ್ನು ತಿಳಿಯದೆ ಪ್ರೋಟೀನ್ ಪುಡಿ ಕೊಳ್ಳಬಾರದು.

ಇನ್ನೊಬ್ಬರು, ಬಹಳ ಹೊತ್ತಿನಿಂದ ಕಾಯುತ್ತಿದ್ದವರು, ಕೇಳಿದ್ದು ಹೀಗೆ: “ನಮ್ಮ ತಂದೆಯವರಿಗೆ ಎಂಬತ್ತನಾಲ್ಕು. ಎಚ್‌ಬಿಎ1ಸಿ 7.6 ಇದೆ. ಅವರು ಊಟವನ್ನೇ ಹೆದರಿ ಹೆದರಿ ಮಾಡುತ್ತಾರೆ. ಏನು ಹೇಳಲಿ?” ಅಮೆರಿಕದ ಮಧುಮೇಹ ಸಂಘ ಗಟ್ಟಿಮುಟ್ಟಾಗಿರುವ ಹಿರಿಯರಿಗೆ 7.0ರಿಂದ 7.5ರ ಒಳಗಿನ ಗುರಿಯನ್ನು ಇಟ್ಟಿದೆ; ಹಲವು ಕಾಯಿಲೆಗಳಿದ್ದು ದಿನನಿತ್ಯದ ಕೆಲಸಗಳಲ್ಲಿ ನೆರವು ಬೇಕಾದವರಿಗೆ 8.0ರ ಒಳಗೆ ಇದ್ದರೆ ಸಾಕು ಎನ್ನುತ್ತದೆ. ತೀರಾ ಬಲಗುಂದಿದವರಲ್ಲಿ ಆ ಅಂಕಿಯನ್ನೇ ಹಿಡಿದು ಕೂರಬೇಡಿ, ಸಕ್ಕರೆ ಕುಸಿಯದಂತೆ ಮತ್ತು ವಿಪರೀತ ಏರದಂತೆ ನೋಡಿಕೊಳ್ಳಿ ಎನ್ನುತ್ತದೆ. ನಾನು ಅವರಿಗೆ ಮರುಪ್ರಶ್ನೆ ಕೇಳಿದೆ: ತಂದೆಯವರು ಕುರ್ಚಿಯಿಂದ ಕೈ ಊರದೆ ಏಳುತ್ತಾರೆಯೇ, ಕಳೆದ ವರ್ಷದ ಅಂಗಿ ಈಗ ಸಡಿಲವಾಗಿದೆಯೇ? ಅಂಗಿ ಸಡಿಲವಾಗಿದೆ ಎಂದರು. ಹಾಗಿದ್ದರೆ ಮೊದಲು ತೂಕ ಏಕೆ ಇಳಿಯಿತು ಎಂಬುದನ್ನು ಅವರ ವೈದ್ಯರು ಹುಡುಕಲಿ, ಈಗಿನ ಮಾತ್ರೆಗಳಲ್ಲಿ ಯಾವುದನ್ನು ಕಡಿಮೆ ಮಾಡಬಹುದು ಎಂದು ನೋಡಲಿ ಎಂದು ಹೇಳಿದೆ. ನಿಲ್ಲಿಸಿದ್ದ ಹಣ್ಣನ್ನು ಊಟದ ಜೊತೆಯಲ್ಲಿ, ರಸ ಹಿಂಡದೆ, ಮತ್ತೆ ಕೊಡಿ. ಬೆಳಿಗ್ಗೆ ಒಂದು ಮೊಟ್ಟೆ ಅಥವಾ ಅದಕ್ಕೆ ಸಮನಾದ ಕಾಳು ಸೇರಿಸಿ. ನೀವೂ ಜೊತೆಯಲ್ಲಿ ಕುಳಿತು ಉಣ್ಣಿ. ಕುರ್ಚಿಯ ಪರೀಕ್ಷೆಯನ್ನು ಈ ವಾರ ಮಾಡಿ ಸೆಕೆಂಡುಗಳನ್ನು ಬರೆದಿಟ್ಟುಕೊಂಡು, ಮುಂದಿನ ರಕ್ತಪರೀಕ್ಷೆಯ ದಿನ ಮತ್ತೊಮ್ಮೆ ಮಾಡಿ, ಎರಡೂ ಅಂಕಿಗಳನ್ನು ವೈದ್ಯರಿಗೆ ತೋರಿಸಿ ಎಂದೆ.